ರಾಯದುರ್ಗದಲ್ಲಿ ನನ್ನ ಕಣ್ಣು ತಾಗಿದ ಆಷಾಢ

ಹೋದ ತಿಂಗಳು ಕೆಲಸದ ಮೇಲೆ ರಾಯದುರ್ಗಕ್ಕೆ ಹೋಗಿದ್ದೆ. ಮಡಕಶಿರಾದಲ್ಲಿ ಬೆಳಿಗ್ಗೆ ಬಸ್ಸು ಹತ್ತಿದವಳು ಅಲ್ಲಿಳಿಯುವಷ್ಟರಲ್ಲಿ ಮಧ್ಯಾಹ್ನದ ಬಿಸಿಲು ಓರೆಯಾಗಿತ್ತು. ಬಸ್ ಸ್ಟ್ಯಾಂಡಿನ ಎದುರು ಗೋಬಿ ಗಾಡಿಯವನು ಕಾದ ಬಾಣಲೆಗೆ ವಿನೆಗರ್ ಚಿಮುಕಿಸಿದ. ಆ ಹುಳಿ ವಾಸನೆ ಮೂಗಿಗೆ ಬಡಿಯುತ್ತಲೇ ನನ್ನ ಕೈ ಗಲ್ಲದ ಹತ್ತಿರ ಹೋಗಿ ಮಾಸ್ಕ್ ಹುಡುಕಿತು. ಮಾಸ್ಕ್ ಇರಲಿಲ್ಲ. ಡಯಾಲಿಸಿಸ್ ಮಷೀನುಗಳನ್ನು ತೊಳೆಯುವ ದ್ರಾವಣಕ್ಕೆ ಥೇಟ್ ಇದೇ ವಾಸನೆ. ಈ ಊರಿನಲ್ಲಿ ಒಂದು ವರ್ಷ ನಾನು ಅದನ್ನೇ ಉಸಿರಾಡಿದ್ದೆ. ಗಾಡಿಯವನು "ಏನ್ ಕೊಡ್ಲಿ ಮೇಡಂ?" ಅಂದ. ಏನೂ ಬೇಡವೆಂದು ಮುಂದೆ ನಡೆದೆ. ಆದರೆ ಆ ವರ್ಷದ ಆಷಾಢ ನನ್ನ ಜೊತೆಗೇ ನಡೆದು ಬಂತು.

ನಾನು ಡಯಾಲಿಸಿಸ್ ಟೆಕ್ನಿಶಿಯನ್. ಈ ಮಾತು ಹೇಳುವಾಗ ಈಗಲೂ ನನ್ನ ಬೆನ್ನು ನೆಟ್ಟಗಾಗುತ್ತದೆ. ಅದಕ್ಕೆ ನನಗೆ ನಾಚಿಕೆಯಿಲ್ಲ. ರೊಳ್ಳದ ಹತ್ತಿರದ ನಮ್ಮ ಹಳ್ಳಿಯಲ್ಲಿ ಅಪ್ಪ ಅಮ್ಮ ರೇಷ್ಮೆ ಹುಳ ಸಾಕುವವರು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಹುಳದ ಮನೆಯ ಹೊಸ್ತಿಲಲ್ಲಿ ಕೂತು, ಹೊತ್ತುಹೊತ್ತಿಗೆ ಎದ್ದು ಸೊಪ್ಪು ಹಾಕಿ, ಮತ್ತೆ ಬಂದು ಓದಿದವಳು. ಇಂಟರ್, ಅಂದರೆ ಪಿಯುಸಿ, ತನಕ ತೆಲುಗಿನಲ್ಲಿ ಕಲಿತು, ಆಮೇಲೆ ಮೂತ್ರಪಿಂಡದ ಒಂದೊಂದು ಭಾಗದ ಹೆಸರನ್ನೂ ಇಂಗ್ಲಿಷಿನಲ್ಲಿ ಉರು ಹೊಡೆದೆ. ಗೊತ್ತಾಗದ್ದನ್ನು ಗೊತ್ತಾಗುವ ತನಕ ಬಿಡಲಿಲ್ಲ. ಹಾಗೆ ಕಲಿತದ್ದರಿಂದಲೋ ಏನೋ, ನಾನು ಕಲಿತದ್ದರ ಮೇಲೆ ನನಗೆ ತುಂಬ ನಂಬಿಕೆ.

ಮೊದಲ ಕೆಲಸ ಸಿಕ್ಕಿದ್ದು ರಾಯದುರ್ಗದ ಒಂದು ಚಿಕ್ಕ ಡಯಾಲಿಸಿಸ್ ಸೆಂಟರಿನಲ್ಲಿ. ಉದ್ದನೆಯ ಒಂದು ಹಾಲ್, ಗೋಡೆಗುಂಟ ಆರು ಹಾಸಿಗೆ, ಒಂದೊಂದರ ಪಕ್ಕ ಒಂದೊಂದು ಮಷೀನು. ಗೋಡೆಯ ಆಚೆ ಜೀನ್ಸ್ ಹೊಲಿಯುವ ಶೆಡ್ಡು. ಅಲ್ಲಿಯ ಮಿಷನ್ನುಗಳ ಸದ್ದು ಬೆಳಗಿನಿಂದ ಸಂಜೆಯ ತನಕ ಗೋಡೆಯೊಳಗಿಂದಲೇ ಬರುತ್ತಿದೆಯೇನೋ ಅನ್ನುವ ಹಾಗೆ ಕೇಳುತ್ತಿತ್ತು. ಈಚೆ ನಮ್ಮ ಮಷೀನುಗಳು ರಕ್ತ ತಿರುಗಿಸುತ್ತಿದ್ದವು. ಕರೆಂಟ್ ಹೋದಾಗ ಆಚೆಯ ಸದ್ದು ಥಟ್ಟನೆ ನಿಲ್ಲುತ್ತಿತ್ತು. ನಮ್ಮವು ಬ್ಯಾಟರಿಯ ಮೇಲೆ ತಿರುಗುತ್ತಲೇ ಇರುತ್ತಿದ್ದವು. ಆ ಹೊತ್ತಿನಲ್ಲಿ ಮಾತ್ರ ಮನುಷ್ಯರ ರಕ್ತ ಹರಿಯುವ ಸದ್ದು ಬರಿಯ ಕಿವಿಗೆ ಕೇಳಿಸಿದಂತಾಗುತ್ತಿತ್ತು. ನಿಜವಾಗಿ ಅದು ಪಂಪಿನ ಸದ್ದು. ನನಗದು ಗೊತ್ತು. ಆದರೂ ಹಾಗೆ ಅನಿಸುತ್ತಿತ್ತು.

ಮೂತ್ರ ನಿಂತುಹೋದ ಮೈಯಲ್ಲಿ ಕುಡಿದ ನೀರೆಲ್ಲ ಉಳಿಯುತ್ತದೆ. ಅದನ್ನು ನಾಲ್ಕು ತಾಸಿನಲ್ಲಿ ರಕ್ತದ ಮೂಲಕ ಹೊರಗೆ ತೆಗೆಯಬೇಕು. ಮಷೀನು ರಕ್ತದಿಂದ ನೀರು ತೆಗೆಯುತ್ತದೆ. ಊದಿದ ಕಾಲು, ಊದಿದ ಮುಖದಿಂದ ನೀರು ಮೆಲ್ಲಗೆ ಬಂದು ರಕ್ತವನ್ನು ಮತ್ತೆ ತುಂಬುತ್ತದೆ. ತೆಗೆಯುವುದು ಜೋರಾಗಿ ತುಂಬುವುದು ನಿಧಾನವಾದರೆ ಮೈಯೊಳಗಿನ ರಕ್ತದ ಪ್ರಮಾಣ ಕುಗ್ಗುತ್ತದೆ. ಆಗ ಮೊದಲು ಆಕಳಿಕೆ ಬರುತ್ತದೆ, ಆಮೇಲೆ ತಣ್ಣನೆ ಬೆವರು, ಮೀನಖಂಡ ಹಿಡಿದುಕೊಳ್ಳುವುದು. ಕೊನೆಗೆ ಬಿಪಿ ಬಿದ್ದು ಕಣ್ಣು ಮೇಲಾಗುತ್ತದೆ.

ಉಗಾದಿ ಕಳೆದ ಮೇಲೆ ನಮ್ಮ ಸೆಂಟರಿಗೆ ಹೊಸ ಮಷೀನುಗಳು ಬಂದವು. ಅವುಗಳಲ್ಲಿ ರಕ್ತದ ಕೊಳವೆಗೆ ಬೆಳಕು ಹಾಯಿಸಿ, ರಕ್ತ ಎಷ್ಟು ಗಟ್ಟಿಯಾಗುತ್ತಿದೆ ಎಂದು ನೋಡುವ ಸಣ್ಣ ಉಪಕರಣವಿತ್ತು. ನೀರು ಹೋದಷ್ಟೂ ರಕ್ತ ಗಟ್ಟಿಯಾಗುತ್ತದೆ. ಅದರಿಂದ ಒಳಗೆ ಎಷ್ಟು ರಕ್ತ ಉಳಿದಿದೆ ಎಂದು ಲೆಕ್ಕ ಹಾಕಿ ಪರದೆಯ ಮೇಲೆ ಒಂದು ಗೆರೆ ಎಳೆಯುತ್ತದೆ. ಗೆರೆ ನಿಧಾನವಾಗಿ ಇಳಿದರೆ ಸರಿ. ಬಾವಿಗೆ ಬಿಟ್ಟ ಹಗ್ಗದ ಹಾಗೆ ಸರ್ರನೆ ಇಳಿದರೆ ಸರಿಯಿಲ್ಲ. ಗೆರೆ ಇಳಿಯುವಾಗ ಆ ಮನುಷ್ಯ ಇನ್ನೂ ನಗುತ್ತಿರುತ್ತಾನೆ, ಮಾತಾಡುತ್ತಿರುತ್ತಾನೆ. ಅವನಿಗಿಂತ ಮೊದಲು ನನಗೆ ಗೊತ್ತಾಗುತ್ತದೆ. ಒಬ್ಬರ ಮೈಗೆ ಆಗಲಿರುವುದು ಅವರಿಗಿಂತ ಮೊದಲು ನಮಗೆ ಗೊತ್ತಾದರೆ ಏನಾಗುತ್ತದೆ ಎಂದು ಕಾಲೇಜಿನಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

ಶುರುವಾದದ್ದು ತಿಪ್ಪೇಸ್ವಾಮಿಯವರಿಂದ. ಬಸ್ ಕಂಡಕ್ಟರ್ ಆಗಿ ರಿಟೈರ್ ಆದವರು. ಹಾಸಿಗೆ ಸೇರಿದ ಮೇಲೂ ಇಡೀ ಹಾಲನ್ನು ಒಂದು ಬಸ್ಸಿನ ಹಾಗೆ ನಡೆಸುತ್ತಿದ್ದರು. ಯಾರಾದರೂ ತಡವಾಗಿ ಬಂದರೆ "ಮುಂದಕ್ಕ ಸರೀರಿ, ಸೀಟೈತಿ" ಎನ್ನುತ್ತಿದ್ದರು. ಒಂದು ದಿನ ಅವರು ಹಳೆಯ ಡ್ರೈವರನೊಬ್ಬನ ಕತೆ ಹೇಳುತ್ತ ಎಲ್ಲರನ್ನೂ ನಗಿಸುತ್ತಿದ್ದಾಗ ನಾನು ದೂರದಿಂದ ಅವರ ಗೆರೆ ಕುಸಿಯುವುದನ್ನು ಕಂಡೆ. ಹೋಗಿ ಮಂಚದ ಕಾಲುಗಡೆ ನಿಂತು ಅವರ ಮುಖವನ್ನೇ ನೋಡಿದೆ.

"ಯಾಕ್ರಿ ಸಿಸ್ಟರ್, ಹಂಗ್ ನೋಡಾಕತ್ತೀರಿ? ಟಿಕೆಟ್ ತಗೊಂಡೀನ್ರಿ" ಎಂದರು. ಎಲ್ಲರೂ ನಕ್ಕರು. ನಾನು ನೀರು ಎಳೆಯುವ ವೇಗ ತಗ್ಗಿಸಲು ಮಷೀನಿಗೆ ಕೈಹಾಕುವಷ್ಟರಲ್ಲಿ ಅವರ ಕುತ್ತಿಗೆ ಒಂದು ಪಕ್ಕಕ್ಕೆ ವಾಲಿತು.

ತಲೆ ತಗ್ಗಿಸಿ, ಕಾಲು ಎತ್ತರಿಸಿ, ಸಲೈನ್ ಬಿಟ್ಟೆ. ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟರು. ಸುತ್ತ ಯಾರೂ ನಗುತ್ತಿರಲಿಲ್ಲ.

ಆಮೇಲೆ ಇನ್ನಿಬ್ಬರಿಗೆ ಹೀಗೇ ಆಯಿತು. ನಾನು ಹೋಗಿ ನಿಲ್ಲುವುದು, ಅವರು ಬೀಳುವುದು. ಮೂರನೆಯವರು ಕಣೇಕಲ್ ಕಡೆಯ ಮಾರೆಪ್ಪ ಎಂಬ ವಯಸ್ಸಾದವರು. ಅವರೂ ಚೇತರಿಸಿಕೊಂಡು, ಎದ್ದು ನಡೆದೇ ಮನೆಗೆ ಹೋದರು. ಮತ್ತೆ ಬರಲಿಲ್ಲ. ಮನೆಯಲ್ಲಿ ಉಂಡು ಕೂತವರು ಹಾಗೇ ಹೋದರಂತೆ. ಅವರ ಹೃದಯ ಮೊದಲೇ ಸೋತಿತ್ತು. ಬಳ್ಳಾರಿಯಿಂದ ವಾರಕ್ಕೊಮ್ಮೆ ಬರುವ ನಮ್ಮ ಡಾಕ್ಟರು ಅದನ್ನು ಅವರ ಮನೆಯವರಿಗೆ ಮುಂಚೆಯೇ ಹೇಳಿದ್ದರು. ಆದರೆ ಹಾಲಿನಲ್ಲಿ ಉಳಿದ ಮಾತು ಬೇರೆ.

ಗೆರೆ ಇಳಿಯುವುದನ್ನು ಸಮಯಕ್ಕೆ ಕಂಡು, ಹೋಗಿ ಸರಿಪಡಿಸಿ, ಏನೂ ಆಗದೆ ಉಳಿಸಿದ ದಿನಗಳೇ ಹೆಚ್ಚು. ಅವು ಯಾರ ಲೆಕ್ಕಕ್ಕೂ ಬರಲಿಲ್ಲ. ಏನೂ ಆಗಲಿಲ್ಲ ಅನ್ನುವುದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ನಾನು ನೋಡಿದ ಮೇಲೆ ಬಿದ್ದದ್ದು ಮಾತ್ರ ಉಳಿಯಿತು.

ಜ್ಯೇಷ್ಠ ಮುಗಿಯುವ ಹೊತ್ತಿಗೆ ಬಾಗಿಲು ತಳ್ಳಿಕೊಂಡು ನಾನು ಒಳಗೆ ಬಂದರೆ ಮಾತು ನಿಲ್ಲತೊಡಗಿತು.

ಅದನ್ನು ನನ್ನ ಮುಖಕ್ಕೇ ಹೇಳಿದವಳು ಹನುಮಕ್ಕ. ನೇಮಕಲ್ಲಿನವಳು, ಐವತ್ತು ದಾಟಿದ ಹೆಂಗಸು. ಮೊದಲು ಮನೆಯಲ್ಲೇ ಕೂತು ಹೊಲಿದ ಜೀನ್ಸ್ ಪ್ಯಾಂಟುಗಳ ದಾರ ಕತ್ತರಿಸುವ ಕೆಲಸ ಮಾಡುತ್ತಿದ್ದಳು. ಬೆರಳ ತುದಿಗಳಲ್ಲಿ ನೀಲಿ ಬಣ್ಣ ಇನ್ನೂ ಉಳಿದಿತ್ತು. ನಾನು ಬಂದ ಹೊಸದರಲ್ಲಿ ಹೋಳಿಗೆ ಕಟ್ಟಿಕೊಂಡು ಬಂದು, "ಉಣ್ಣವ್ವ, ಒಂಟಿ ಹುಡುಗಿ, ಏನ್ ಬೇಸ್ಕೊಂತೀಯೋ ಏನೋ" ಎಂದು ಕೊಟ್ಟವಳು ಅವಳೇ. ಈಗ ಅವಳು ಸೆರಗನ್ನು ಹಣೆಯ ಮೇಲಕ್ಕೆ ಎಳೆದುಕೊಂಡು, ಬೇರೆ ಕಡೆ ನೋಡುತ್ತ ಹೇಳಿದಳು:

"ಸಿಟ್ಟಾಗಬ್ಯಾಡ ತಾಯಿ. ನೀನು ಒಳ್ಳೇಕಿ. ನಿನ್ನ ಮನಸ್ನ್ಯಾಗ ಏನಿಲ್ಲ. ಆದ್ರ ನಿನ್ನ ಕಣ್ಣು ನಿನ್ನ ಮಾತು ಕೇಳಂಗಿಲ್ಲ."

"ನನ್ನ ಕಣ್ಣಲ್ಲ ಹನುಮಕ್ಕ, ಮಷೀನು ತೋರಿಸುತ್ತೆ ಕಣ್ರೀ. ನೋಡಿ ಇಲ್ಲಿ, ಈ ಗೆರೆ."

"ಗೆರೀನೂ ನೀನ ನೋಡ್ತೀಯಲ್ಲ" ಎಂದಳು.

ಪಕ್ಕದಿಂದ ತಿಪ್ಪೇಸ್ವಾಮಿ, "ಇವ್ರ ಕಡೆ ಮಾತಿಗೊಮ್ಮೆ ಕಣ್ರೀ ಕಣ್ರೀ ಅಂತಾರ. ಅವ್ರಿಗೆ ಕಣ್ಣಿನ ಮ್ಯಾಲ ಬಾಳ ಧ್ಯಾಸ" ಎಂದರು. ಒಬ್ಬಿಬ್ಬರು ನಕ್ಕರು. ಆದರೆ ತಿಪ್ಪೇಸ್ವಾಮಿಯೂ ನನ್ನ ಕಡೆ ನೋಡಿ ಹೇಳಲಿಲ್ಲ. ಫ್ಯಾನಿನ ಕಡೆ ನೋಡಿ ಹೇಳಿದರು.

ಮಷೀನುಗಳಿಗೆ ನಿಂಬೆಹಣ್ಣು ಮೆಣಸಿನಕಾಯಿ ಬಂದವು. ತೆಗೆದುಹಾಕಿದೆ. ಪರದೆಯ ಮೇಲೆ ಟವೆಲ್ ಬಂತು. ಅದನ್ನೂ ತೆಗೆದೆ. ಆಮೇಲೆ ಅವರು ತಮ್ಮನ್ನೇ ಮುಚ್ಚಿಕೊಳ್ಳತೊಡಗಿದರು. ಡಯಾಲಿಸಿಸ್ ಆಗುವಾಗ ಹೇಗೂ ಚಳಿ ಹತ್ತುತ್ತದೆ. ಆ ನೆಪದಲ್ಲಿ ಕಂಬಳಿಯನ್ನು ಗಲ್ಲದ ತನಕ ಎಳೆದುಕೊಂಡು, ಸೂಜಿ ಚುಚ್ಚಿದ ಕೈಯನ್ನೂ ಒಳಗೆ ಸೇರಿಸಿಬಿಡುತ್ತಿದ್ದರು. ರಕ್ತ ಹೋಗುವ ಸೂಜಿ ಒಂದು, ತಿರುಗಿ ಬರುವ ಸೂಜಿ ಒಂದು. ಎರಡೂ ಅದೇ ಕೈಯಲ್ಲಿ. ಆ ಕೈ ಸದಾ ಕಣ್ಣಿಗೆ ಕಾಣುವಂತಿರಬೇಕು. ನಮ್ಮ ಕೆಲಸದ ಮೊದಲ ಪಾಠ ಅದು.

"ಕೈ ಹೊರಗಿಡಿ" ಎನ್ನುತ್ತಿದ್ದೆ. ಇಡುತ್ತಿದ್ದರು. ನಾನು ಬೆನ್ನು ತಿರುಗಿಸಿದರೆ ಒಳಗೆ. ಮತ್ತೆ ಹೋಗಿ ಸರಿಸುತ್ತಿದ್ದೆ, ಮತ್ತೆ ಹೊದೆಯುತ್ತಿದ್ದರು. ಮ್ಯಾನೇಜರಿಗೆ ಹೇಳಿದರೆ, "ಅಡ್ಜಸ್ಟ್ ಮಾಡ್ಕೊಳ್ಳಮ್ಮ, ಪೇಷೆಂಟುಗಳು ಬಳ್ಳಾರಿಗೆ ಹೋಗ್ತೀವಿ ಅಂತಿದಾರೆ" ಎಂದ.

ಕೈಗಿಂತ ಹೆಚ್ಚಾಗಿ ನನ್ನನ್ನು ಹೆದರಿಸಿದ್ದು ಆಕಳಿಕೆ. ಆಕಳಿಸಿದರೆ ಸಿಸ್ಟರ್ ಬರುತ್ತಾಳೆ, ಸಿಸ್ಟರ್ ಬಂದರೆ ಬೀಳುತ್ತೀವಿ ಎಂದು ಅವರ ಲೆಕ್ಕ. ಹಾಗಾಗಿ ಆಕಳಿಕೆಯನ್ನು ನುಂಗತೊಡಗಿದರು. ಬಾಯಿ ಬಿಗಿಯಾಗಿ ಮುಚ್ಚಿರುತ್ತದೆ, ಒಳಗೆ ದವಡೆ ಅದುರುತ್ತದೆ, ಮೂಗಿನ ಹೊಳ್ಳೆ ಅರಳುತ್ತದೆ, ಕಣ್ಣಲ್ಲಿ ನೀರು ತುಂಬುತ್ತದೆ. ಕಾಲು ಸೆಳೆದು ಗಂಟಾದರೂ ಕಂಬಳಿಯೊಳಗೆ ಮುಷ್ಟಿ ಬಿಗಿದು ಸುಮ್ಮನಿರುತ್ತಾರೆ. ಆಷಾಢದ ಗಾಳಿ ಆಗ ಶುರುವಾಗಿತ್ತು. ಗುಡ್ಡದ ಮೇಲಿಂದ ಬಂದು ಹಾಲಿನ ಬಾಗಿಲನ್ನು ಯಾರೋ ತಳ್ಳಿದ ಹಾಗೆ ತಳ್ಳಿ, ಯಾರೂ ಇಲ್ಲದೆ ಮುಚ್ಚುತ್ತಿತ್ತು. ಒಳಗೆ ಆರು ಮಂದಿ ಮುಖ ಮುಚ್ಚಿಕೊಂಡು, ಆಕಳಿಕೆ ನುಂಗುತ್ತ, ನಾನು ತಮ್ಮ ಕಡೆ ನೋಡದಿರಲಿ ಎಂದು ಮಲಗಿರುತ್ತಿದ್ದರು. ನಡುವೆ ಓಡಾಡುವವಳು ನಾನೊಬ್ಬಳು.

ಅವರನ್ನು ಕಾಯುವುದೇ ನನ್ನ ಕೆಲಸ. ಕಾಯುವುದೆಂದರೆ ನೋಡುವುದು. ನಾನು ನೋಡದಂತೆ ತಡೆಯಲು ಅವರು ಬಚ್ಚಿಡುತ್ತಿದ್ದದ್ದೆಲ್ಲ ಅವರ ಜೀವ ಉಳಿಸಬಹುದಾದ ಗುರುತುಗಳು. ಯಾರೋ ಒಬ್ಬರು ಹೀಗೇ ಬಚ್ಚಿಟ್ಟುಕೊಂಡು ಸಾಯುತ್ತಾರೆ ಎಂಬ ಭಯಕ್ಕೆ ನಾನು ಹಾಸಿಗೆಯಿಂದ ಹಾಸಿಗೆಗೆ ಇನ್ನೂ ಹೆಚ್ಚು ಸುತ್ತತೊಡಗಿದೆ.

ಭಾನುವಾರ ಅಮ್ಮನಿಗೆ ಫೋನ್ ಮಾಡಿ, ನಗುತ್ತಲೇ ಈ ಕತೆ ಹೇಳಿದೆ. ಅಮ್ಮನೂ ನಗುತ್ತಾಳೆ ಅಂದುಕೊಂಡಿದ್ದೆ. ಅವಳು ಸುಮ್ಮನಾದಳು.

ಅವಳು ಯಾಕೆ ಸುಮ್ಮನಾದಳೆಂದು ನನಗೆ ತಕ್ಷಣ ಹೊಳೆಯಿತು. ನಮ್ಮ ಕಡೆ ಹುಳದ ಮನೆಗೆ ಎಲ್ಲರನ್ನೂ ಬಿಡುವುದಿಲ್ಲ. ಹುಳ ನಾಜೂಕಿನವು, ಹೊರಗಿನವರು ಬಂದರೆ ರೋಗ ತಗಲುತ್ತದೆ, ಅದು ನಿಜ. ಆದರೆ ಊರಿನಲ್ಲಿ ಲಕ್ಷ್ಮಕ್ಕ ಎಂಬುವಳಿದ್ದಳು. ಅವಳು ಯಾರ ಹುಳದ ಮನೆಗೆ ಇಣುಕಿ 'ಹುಳ ಚೆನ್ನಾಗವೆ' ಎಂದರೂ ಆ ಬೆಳೆ ಗೂಡು ಕಟ್ಟುವುದಿಲ್ಲ ಎಂದು ಜನ ನಂಬಿದ್ದರು. ಅವಳು ಬೀದಿಯಲ್ಲಿ ಬಂದರೆ ಅಮ್ಮ ಬಾಗಿಲಿನ ಗೋಣಿತಾಟು ಇಳಿಬಿಡುತ್ತಿದ್ದಳು. ಲಕ್ಷ್ಮಕ್ಕ ಒಂದು ಮಾತೂ ಆಡದೆ, ನೆಲ ನೋಡುತ್ತ ದಾಟಿಹೋಗುತ್ತಿದ್ದಳು. ಕೊನೆಕೊನೆಗೆ ಅವಳು ಯಾರನ್ನೂ ತಲೆಯೆತ್ತಿ ನೋಡುತ್ತಿರಲಿಲ್ಲ.

"ಯಾಕಮ್ಮ ಸುಮ್ಮನಾದೆ?" ಎಂದೆ.

"ಏನಿಲ್ಲ ಕಣಮ್ಮಿ. ನೀನು ಓದಿರೋಳು, ನಿಂಗೇನು. ಒಂದು ಹಿಡಿ ಉಪ್ಪು ನಿವಾಳಿಸ್ಕೊಂಡು ನೀರಿಗೆ ಹಾಕು, ಸಾಕು." ಆಮೇಲೆ, "ಮುಂದಿನ ವಾರ ಬತ್ತೀನಿ ಅಂದಿದ್ದೆಯಲ್ಲ?" ಎಂದಳು.

"ಹ್ಞೂಂ."

"ಬಾ. ಬರ್ಬೇಡ ಅಂತ ನಾನೇನು ಅಂತಿಲ್ಲ. ಹುಳ ನಾಕನೇ ಜ್ವರದಾಗವೆ, ಪೊರೆ ಬಿಡ್ತಾವೆ. ಈ ಸಲ ಮಾತ್ರ ಆ ಮನೆ ಕಡೆ ಹೋಗ್ಬೇಡ. ನಿಮ್ಮಪ್ಪನಿಗೆ ನಾನೇನೂ ಹೇಳಿಲ್ಲ."

ಫೋನು ಇಟ್ಟೆ. ಆ ಹುಳದ ಮನೆಯ ಹೊಸ್ತಿಲಲ್ಲೇ ಕೂತು ನಾನು ಡಿಗ್ರಿ ಓದಿದ್ದು. ಆ ವಾರ ಊರಿಗೆ ಹೋಗಲಿಲ್ಲ. ರೂಮಿನಲ್ಲಿ ಮುಖ ತೊಳೆಯುವಾಗ ಕನ್ನಡಿ ನೋಡಿದರೆ ನನ್ನ ಕಣ್ಣು ಬೇರೆ ಯಾರದೋ ಅನಿಸಿತು. ಹನುಮಕ್ಕ ಹೇಳಿದ್ದು ಕಿವಿಯಲ್ಲಿತ್ತು: ನಿನ್ನ ಕಣ್ಣು ನಿನ್ನ ಮಾತು ಕೇಳಂಗಿಲ್ಲ. ನನಗೆ ಫಿಸಿಯಾಲಜಿ ಗೊತ್ತು, ಗೆರೆಯ ಲೆಕ್ಕ ಗೊತ್ತು. ಅಷ್ಟೆಲ್ಲ ಗೊತ್ತಿದ್ದೂ ಕನ್ನಡಿಯಿಂದ ನಾನೇ ಮೊದಲು ಮುಖ ತಿರುಗಿಸಿದೆ.

ಅದಾಗಿ ಕೆಲವು ದಿನಕ್ಕೆ, ಒಂದು ಮಧ್ಯಾಹ್ನ ಗಾಳಿ ವಿಪರೀತವಾಗಿತ್ತು. ಎಲ್ಲಿಂದಲೋ ಹಾರಿ ಬಂದ ಜೀನ್ಸ್ ಬಟ್ಟೆಯ ನೀಲಿ ಚೂರುಗಳು ಕಿಟಕಿಯ ಜಾಲರಿಗೆ ಅಂಟಿಕೊಂಡು ಪಟಪಟ ಅನ್ನುತ್ತಿದ್ದವು. ಜೊತೆಯ ನರ್ಸ್ ಊಟಕ್ಕೆ ಹೋಗಿದ್ದಳು. ಕರೆಂಟ್ ಹೋಯಿತು. ಗೋಡೆಯಾಚೆಯ ಮಿಷನ್ನುಗಳು ಒಟ್ಟಿಗೇ ನಿಂತವು. ನಮ್ಮ ಮಷೀನುಗಳು ಒಮ್ಮೆ ಕೂಗಿ, ಬ್ಯಾಟರಿಗೆ ಹಾಯ್ದು, ತಿರುಗತೊಡಗಿದವು. ಹಾಲಿನಲ್ಲಿ ಅರೆಬೆಳಕು. ಜನರೇಟರ್ ಹಾಕಿಸಿ ಬಂದು ಒಂದೊಂದೇ ಮಷೀನು ನೋಡಿದೆ. ಹನುಮಕ್ಕನ ಗೆರೆಯನ್ನೂ ನೋಡಿದೆ. ಅದು ಎಂದಿಗಿಂತ ಚೆನ್ನಾಗಿತ್ತು. ಇಳಿಜಾರೇ ಇಲ್ಲ, ಕೆರೆಯ ನೀರಿನ ಮೇಲ್ಮೈ ಹಾಗೆ ಸಮ. ಅವಳ ಕೈಯನ್ನು ಕಂಬಳಿಯಿಂದ ಹೊರಗೆ ತೆಗೆದು, ಸೂಜಿಗಳ ಪಟ್ಟಿ ಒತ್ತಿ ನೋಡಿ, "ಹೀಗೇ ಇರಲಿ" ಎಂದೆ. ಅವಳು ಮುಖ ಗೋಡೆಯ ಕಡೆ ತಿರುಗಿಸಿ "ಹ್ಞೂಂ" ಎಂದಳು.

ಆಚೆ ತುದಿಯ ಮಷೀನು ಕೂಗಿತು. ಅಲ್ಲಿ ಕೊಳವೆ ಮಡಚಿಕೊಂಡಿತ್ತು. ಹನುಮಕ್ಕನಿಗೆ ಬೆನ್ನು ಮಾಡಿ ಅದನ್ನು ಬಿಡಿಸುತ್ತಿದ್ದೆ. ಹಿಂದೆ ತಿಪ್ಪೇಸ್ವಾಮಿ ಯಾರಿಗೋ ಫೋನಿನಲ್ಲಿ ಬಯ್ಯುತ್ತಿದ್ದರು. ಬೇರೆ ಯಾವ ಸದ್ದೂ ಇಲ್ಲ. ಯಾವ ಮಷೀನೂ ಕೂಗಲಿಲ್ಲ.

ನಾನು ತಿರುಗಿದೆ.

ಯಾಕೆ ತಿರುಗಿದೆ ಎಂದು ಗೊತ್ತಿಲ್ಲ. ಯಾರೋ ಹೆಗಲು ಮುಟ್ಟಿದ ಹಾಗಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಯಾರೂ ಮುಟ್ಟಲಿಲ್ಲ. ವಾಸನೆ ಬಂತು ಎಂದರೂ ಸುಳ್ಳು; ಅಲ್ಲಿ ಹುಳಿ ವಾಸನೆಯ ಹೊರತು ಇನ್ನೇನೂ ಮೂಗಿಗೆ ಹತ್ತುತ್ತಿರಲಿಲ್ಲ. ಕೈಯಲ್ಲಿದ್ದ ಕೆಲಸ ಅರ್ಧಕ್ಕೆ ಬಿಟ್ಟು ತಿರುಗಿದೆ, ಅಷ್ಟೆ.

ಹನುಮಕ್ಕ ನನ್ನನ್ನೇ ನೋಡುತ್ತಿದ್ದಳು.

ವಾರಗಟ್ಟಲೆ ನನಗೆ ಮುಖ ತೋರಿಸದವಳು, ಸೆರಗು ಜಾರಿದ್ದರೂ ಎಳೆದುಕೊಳ್ಳದೆ, ಎರಡೂ ಕಣ್ಣು ಅಗಲವಾಗಿ ತೆರೆದು ನನ್ನನ್ನೇ ನೋಡುತ್ತಿದ್ದಳು. ಮುಖ ಒಲೆಯ ಬೂದಿಯ ಬಣ್ಣಕ್ಕೆ ಬಂದಿತ್ತು. ತುಟಿ ಅಲುಗುತ್ತಿರಲಿಲ್ಲ. ಅವಳ ಪಕ್ಕದಲ್ಲಿ ಗೆರೆ ಹಾಗೇ ಸಮವಾಗಿ, ಸುಂದರವಾಗಿ ಹರಿಯುತ್ತಿತ್ತು. ಕೈ ಮತ್ತೆ ಕಂಬಳಿಯ ಒಳಗೆ ಹೋಗಿತ್ತು.

ಓಡಿದೆ. ಕಂಬಳಿ ಎತ್ತಿದರೆ ಅದು ಭಾರವಾಗಿತ್ತು. ಒಣಗಿದ ಕಂಬಳಿ ಅಷ್ಟು ಭಾರವಿರುವುದಿಲ್ಲ. ಒಳಗೆ ಎಲ್ಲ ಕಪ್ಪು ಕೆಂಪು. ರಕ್ತ ತಿರುಗಿ ಬರುವ ಸೂಜಿ ಕೈಯಿಂದ ಜಾರಿ ಹೊರಬಿದ್ದಿತ್ತು. ಪಂಪು ಒಂದು ಕಡೆಯಿಂದ ರಕ್ತ ಎಳೆದು, ತೊಳೆದು, ಶುದ್ಧಮಾಡಿ, ಹಾಸಿಗೆಗೆ ಸುರಿಯುತ್ತಿತ್ತು.

ಪಂಪು ನಿಲ್ಲಿಸಿದೆ. ಕೊಳವೆಗೆ ಕ್ಲಾಂಪ್ ಹಾಕಿ, ರಕ್ತ ಬರುತ್ತಿದ್ದ ಜಾಗವನ್ನು ಅದುಮಿ ಹಿಡಿದೆ. ಕೂಗಿದೆ. ಹೊರಗಿದ್ದವರು ನುಗ್ಗಿ ಬಂದರು. ಒಬ್ಬರಿಂದ ಕಾಲು ಎತ್ತಿಸಿದೆ, ಒಬ್ಬರಿಂದ ಆಕ್ಸಿಜನ್ ತರಿಸಿದೆ. ಕೈಯಲ್ಲಿ ಉಳಿದಿದ್ದ ಇನ್ನೊಂದು ಸೂಜಿಯಿಂದ ಸಲೈನ್ ಬಿಟ್ಟೆ. "ಹನುಮಕ್ಕ, ನನ್ನನ್ನೇ ನೋಡಿ, ಕಣ್ಣು ಮುಚ್ಚಬೇಡಿ, ನನ್ನನ್ನೇ ನೋಡಿ" ಎಂದು ಅಂಬುಲೆನ್ಸ್ ಬರುವ ತನಕ ಹೇಳುತ್ತಲೇ ಇದ್ದೆ. ಅಂಥ ಮಾತು ಆ ಹಾಲಿನಲ್ಲಿ ನನ್ನ ಬಾಯಿಂದ ಬರುತ್ತದೆ ಎಂದು ಯಾರೂ ಎಣಿಸಿರಲಿಲ್ಲ. ಅವಳು ನೋಡುತ್ತಲೇ ಇದ್ದಳು.

ಬಳ್ಳಾರಿಯಲ್ಲಿ ಅವಳಿಗೆ ರಕ್ತ ಕೊಟ್ಟರು. ಬದುಕಿದಳು.

ಸಂಜೆ ಡಾಕ್ಟರು ಫೋನಿನಲ್ಲಿ ಕೇಳಿದರು: "ಗೆರೆ ಏನು ತೋರಿಸ್ತಿತ್ತು?"

"ಸಮವಾಗಿತ್ತು ಸರ್."

"ಯಾಕೆ, ಗೊತ್ತಾ?"

ಗೊತ್ತಿತ್ತು. ಆ ಉಪಕರಣ ನೋಡುವುದು ರಕ್ತದ ಗಟ್ಟಿತನವನ್ನು. ನೀರು ಹೋದರೆ ಉಳಿದ ರಕ್ತ ಗಟ್ಟಿಯಾಗುತ್ತದೆ, ಗೆರೆ ಇಳಿಯುತ್ತದೆ. ರಕ್ತವೇ ರಕ್ತವಾಗಿ ಹೋದರೆ ಉಳಿದದ್ದು ಗಟ್ಟಿಯಾಗುವುದಿಲ್ಲ. ಪ್ರಮಾಣ ಕಡಿಮೆಯಾದದ್ದು ಅದಕ್ಕೆ ತಕ್ಷಣ ತಿಳಿಯುವುದಿಲ್ಲ. ಕೊಳವೆಯ ಒತ್ತಡ ಸ್ವಲ್ಪ ತಗ್ಗಿತ್ತು, ಆದರೆ ಮಷೀನು ಕೂಗುವಷ್ಟಲ್ಲ. ಇದನ್ನೆಲ್ಲ ಹೇಳಿದೆ. "ಕರೆಕ್ಟ್" ಎಂದರು. ನಂತರ, "ಮತ್ತೆ ನಿನಗೆ ಹೇಗೆ ಗೊತ್ತಾಯ್ತು?" ಎಂದರು.

"ನೋಡಿದೆ ಸರ್" ಎಂದೆ.

ಹನುಮಕ್ಕ ಬಳ್ಳಾರಿಯಲ್ಲೇ ಕೆಲವು ಸಲ ಡಯಾಲಿಸಿಸ್ ಮಾಡಿಸಿಕೊಂಡು, ಆಷಾಢ ಮುಗಿಯುವ ಮುಂಚೆ ನಮ್ಮಲ್ಲಿಗೆ ವಾಪಸ್ ಬಂದಳು. ಸಣ್ಣಗಾಗಿದ್ದಳು. ಮಂಚದ ಮೇಲೆ ಕೂತು, ನಾನು ಸೂಜಿ ಸಿದ್ಧಮಾಡುವುದನ್ನು ನೋಡುತ್ತಿದ್ದಳು. ಮುಖ ಮುಚ್ಚಿಕೊಳ್ಳಲಿಲ್ಲ.

"ಅವತ್ತು ಯಾಕೆ ಕೂಗಲಿಲ್ಲ ಹನುಮಕ್ಕ? ತಿಪ್ಪೇಸ್ವಾಮಿ ಪಕ್ಕದಲ್ಲೇ ಇದ್ರಲ್ಲ."

"ಕೂಗಿದ್ನೆವ್ವ. ಬಾಯಿ ಬರಲಿಲ್ಲ. ಕೈ ಬೆಚ್ಚಗಾತು ಅನ್ನೂದೊಂದ ಗೊತ್ತು. ಮೊದ್ಲು ಕಂಬಳಿ ಬೆಚ್ಚಗೈತಿ ಅನ್ಕಂಡೆ. ಹಿಂದಾಗಡೆ ಸೊಂಟದ ತನಕ ಬೆಚ್ಚಗಾತು. ನಾಲಿಗಿ ಎತ್ತಾಕ ಬರವಲ್ದು." ಅವಳು ನನ್ನ ಕೈ ಹಿಡಿದಳು. "ಅವಾಗ ನಿನ್ನ ಬೆನ್ನು ಕಾಣ್ತು. ಎಲ್ಲಾರೂ ಅಂತಾರ, ಈಕಿ ಕಣ್ಣು ತಾಗ್ತೈತಿ ಅಂತ. ನನ್ನ ಕಣ್ಣರ ತಾಗಲಿ ಈಕಿಗೆ ಅಂತ ನೋಡಿದೆ. ಗಟ್ಟಿ ಮನಸ್ ಮಾಡಿ ನೋಡಿದೆ. ನೀ ತಿರುಗಿದಿ."

ತಿಪ್ಪೇಸ್ವಾಮಿ ಫೋನು ಕೆಳಗಿಟ್ಟಿದ್ದರು.

ಆ ಮಾತು ಹರಡಲು ಒಂದು ದಿನವೂ ಬೇಕಾಗಲಿಲ್ಲ. ಮುಂದಿನ ಶಿಫ್ಟಿಗೆ ಬಾಗಿಲು ತಳ್ಳಿಕೊಂಡು ಒಳಗೆ ಬಂದವಳು ಅಲ್ಲೇ ನಿಂತೆ. ಆರು ಹಾಸಿಗೆ, ಆರು ಕಂಬಳಿ. ಆರು ಕಂಬಳಿಗಳ ಮೇಲೂ ಒಂದೊಂದು ಬರಿಯ ಕೈ, ಅಂಗೈ ಮೇಲಾಗಿ, ಪಟ್ಟಿ ಹಚ್ಚಿದ ಸೂಜಿಗಳ ಸಮೇತ. ಚಳಿಗೆ ಕೈಗಳ ಮೇಲೆ ಕೂದಲು ನಿಂತಿದ್ದವು. ಎಲ್ಲರೂ ಕಣ್ಣು ಅಗಲಿಸಿಕೊಂಡು ನನ್ನನ್ನೇ ನೋಡುತ್ತ, ನಾನು ನೋಡಲೆಂದು ಕಾಯುತ್ತಿದ್ದರು.

ನಾನು ನಿಂತಲ್ಲೇ ಹೇಳಿದೆ: "ನೋಡಿ, ನನ್ನ ಕಣ್ಣಲ್ಲಿ ಏನೂ ಇಲ್ಲ. ಮುಂಚೆಯೂ ಇರಲಿಲ್ಲ, ಈಗಲೂ ಇಲ್ಲ. ಸೂಜಿ ಜಾರಿದ್ರೆ ಕಾಣಬೇಕು, ಅದಕ್ಕೆ ಕೈ ಹೊರಗಿರಬೇಕು. ಆಕಳಿಕೆ ಬಂದ್ರೆ ಹೇಳಬೇಕು. ಇಷ್ಟೇ ವಿಷಯ."

"ಹೌದ್ರಿ, ಖರೆ ಐತ್ರಿ. ನಿಮ್ಮ ಕಣ್ಣಾಗ ಏನೂ ಇಲ್ಲ್ರಿ" ಎಂದರು ತಿಪ್ಪೇಸ್ವಾಮಿ, ಎಲ್ಲರ ಪರವಾಗಿ. "ಆದ್ರ ಮೊದ್ಲು ನನ್ನ ಕಡೆ ನೋಡ್ರಿ."

"ಯಾಕ್ರಿ, ಕಂಡಕ್ಟರ್ ಅಂದ್ರ ಫಸ್ಟ್ ಸೀಟಾ?" ಎಂದು ಆ ಕಡೆಯಿಂದ ಒಬ್ಬರು ರೇಗಿದರು. ಜಗಳವೇ ಶುರುವಾಯಿತು. ಆ ದಿನದಿಂದ ಆಕಳಿಕೆ ಬಂದರೆ ಕೂಗಿ ಹೇಳತೊಡಗಿದರು, ಕಾಲು ಸೆಳೆದರೆ ಹೇಳತೊಡಗಿದರು. ಬೀಳುವವರು ಕಡಿಮೆಯಾದರು. ಹೊಸಬರು ಬಂದರೆ ಹಳಬರೇ ಅವರ ಕಂಬಳಿ ಸರಿಸಿ, "ಕೈ ಹೊರಗಿಡ್ರಿ, ಸಿಸ್ಟರ್ ನೋಡ್ಬೇಕು" ಎನ್ನುತ್ತಿದ್ದರು. ನಾನು ಬಯಸಿದ್ದೆಲ್ಲ ಆಯಿತು. ಆದರೆ ನಾನು ಕಲಿಸಿದ ಕಾರಣಕ್ಕೆ ಆಗಲಿಲ್ಲ. ಮೂರು ವರ್ಷ ಓದಿ ತಂದ ತಿಳಿವಳಿಕೆ ಅವರ ಕಿವಿಯ ಹೊರಗೇ ನಿಂತಿತು. ಒಂದು ಹೆದರಿಕೆ ಮಗ್ಗುಲು ಬದಲಿಸಿ ಮಲಗಿತು. ಬಾರಿಬಾರಿಗೂ ತಿದ್ದಿದೆ. ಬಾರಿಬಾರಿಗೂ "ಹೌದ್ರಿ" ಎಂದರು.

ಒಂದು ತೊಡಕು ಉಳಿಯಿತು. ಆರು ಮಂದಿಯನ್ನು ಒಟ್ಟಿಗೇ ನೋಡಲು ಬರುವುದಿಲ್ಲ. ಯಾರಾದರೊಬ್ಬರು ಕೊನೆಯವರಾಗಲೇಬೇಕು. ಕೊನೆಯವರಾಗುವವರು ನಾನು ಹತ್ತಿರ ಬರುವ ಮುಂಚೆಯೇ ಬಿಳಿಚಿಕೊಳ್ಳುತ್ತಿದ್ದರು. ಒಂದು ದಿನ ಹಾಗೆ ಕಾದವರ ಗೆರೆ ನಿಜವಾಗಿಯೂ ಕುಸಿಯಿತು. ಅವರು ಹಿಂದಿನ ದಿನ ನೀರು ಹೆಚ್ಚು ಕುಡಿದಿದ್ದರು, ಕಾರಣ ಅದೇ. ಆದರೂ ಮರುದಿನ ಆ ಹಾಸಿಗೆಗೆ ಯಾರೂ ಹೋಗಲೊಲ್ಲರು. ದಿನಕ್ಕೊಂದು ಹಾಸಿಗೆಯಿಂದ ಶುರು ಮಾಡಿದೆ. ಅದರಿಂದ ಏನೂ ನೆಟ್ಟಗಾಗಲಿಲ್ಲ. ಇವತ್ತು ಯಾರ ಸರದಿ ಎಂದು ಬೆಳಗಿನಿಂದಲೇ ಲೆಕ್ಕ ಹಾಕತೊಡಗಿದರು.

ಆಗ ಹನುಮಕ್ಕ ತನ್ನ ಚೀಲ ಎತ್ತಿಕೊಂಡು, ಯಾರನ್ನೂ ಕೇಳದೆ, ತುದಿಯ ಆ ಹಾಸಿಗೆಗೆ ಹೋಗಿ ಕೂತಳು.

"ಎಲ್ಲಾರ್ನೂ ನೋಡಿದ ಮ್ಯಾಲ ಕಡೀಕ ನನ್ನ ನೋಡವ್ವ. ದಿನಾ ನನ್ನ ಕಡೀಕ ನೋಡು. ನಾ ಒಮ್ಮೆ ಹೋಗ್ಬಂದಾಕಿ, ನನಗೇನೈತಿ. ಇವ್ರು ಅಂಜುಬುರುಕ್ರು."

"ಹಾಗೆಲ್ಲ ಇಲ್ಲ ಹನುಮಕ್ಕ..."

"ಹೌದೌದು, ಇಲ್ಲ. ನೀ ನಿನ್ನ ಕೆಲಸ ನೋಡು ನಡಿ."

ನಾನು ಕೆಲಸ ಬದಲಿಸಿ ಮಡಕಶಿರಾಕ್ಕೆ ಬರುವ ತನಕ ಅದೇ ನಡೆಯಿತು. ಮೊದಲನೆಯ ಹಾಸಿಗೆಯಿಂದ ಹೊರಟು ಒಂದೊಂದೇ ಕೈ, ಒಂದೊಂದೇ ಸೂಜಿ, ಒಂದೊಂದೇ ಗೆರೆ ನೋಡುತ್ತ ನಡೆಯುತ್ತಿದ್ದೆ. ನೋಡಿಸಿಕೊಂಡವರು ನಿಟ್ಟುಸಿರು ಬಿಟ್ಟು ಮಾತಿಗೆ ಶುರುಮಾಡುತ್ತಿದ್ದರು. ಹಾಲಿನ ಆ ತುದಿಯಲ್ಲಿ ಹನುಮಕ್ಕ ಮಾತ್ರ ಕೈ ಚಾಚಿ ಮಲಗಿ, ನನ್ನ ಬೆನ್ನನ್ನೋ ಮುಖವನ್ನೋ, ಯಾವುದು ಕಂಡರೆ ಅದನ್ನು, ಬಿಡದೆ ನೋಡುತ್ತಿರುತ್ತಿದ್ದಳು. ನಾನು ಅವಳ ಹತ್ತಿರ ಬಂದು ನಿಲ್ಲುವ ತನಕ ಅವಳು ರೆಪ್ಪೆ ಬಡಿಯುತ್ತಿರಲಿಲ್ಲ.